ತಳವಾರ ಹೇಳಿದ ಶಿಕ್ಷೆ

ಪಾಳೇಗಾರ ಗುಡುಗಿದರೆ ಆಕಾಶದ ಹದ್ದೂ ರೆಕ್ಕೆ ಮಡಚಿ ಕೂರುತ್ತಿತ್ತು. ಅವತ್ತು ಗುಡುಗಿದ್ದು, ಕೋಟೆ ಹತ್ತಿ ಅವನ ಹುಂಜ ಕದ್ದ ಕೆಂಚನ ಮೇಲೆ.

"ಕೈ ಕಡಿಯೋ ದುರುಗಾ! ಊರೆಲ್ಲ ಹೆದರಲಿ!"

ಕತ್ತಿ ಹಿಡಿದಿದ್ದ ಕೋಟೆ ಕಾವಲಿನ ತಳವಾರ ದುರುಗ, ಕೆಂಚನ ಕೈ ನೋಡಿ ಪಾಳೇಗಾರನತ್ತ ತಿರುಗಿದ.

"ಬುದ್ಧೀ, ಊರು ನಾಲ್ಕು ದಿನ ಹೆದರಿ ಮರೆಯುತ್ತೆ. ಕೋಟೆ ಹತ್ತೋ ದಾರಿ ಇವನಿಗೆ ಗೊತ್ತಲ್ಲ, ಅಲ್ಲೇ ಕಾವಲಿಗೆ ಹಾಕಿ. ರಾತ್ರಿಯೆಲ್ಲ ಗಾಳೀಲಿ ನಿಂತು ಕಳ್ಳರನ್ನ ಹಿಡೀಲಿ. ತಪ್ಪಿದರೆ ಬೈಸಿಕೊಳ್ಳಲಿ."

"ಥೂ, ಅದೂ ಒಂದು ಶಿಕ್ಷೆಯೇನೋ?"

ದುರುಗ ಕತ್ತಿ ಕೆಳಗಿಟ್ಟು ಕೈಮುಗಿದ. "ಮೀಸೆ ಬಂದಾಗಿನಿಂದ ಅದನ್ನೇ ಅನುಭವಿಸ್ತಿದೀನಿ ಬುದ್ಧೀ. ನಾನು ಏನು ಕದ್ದಿದ್ದೆ ಅಂತ ಇವತ್ತಾದರೂ ಹೇಳಿ."

ಪಾಳೇಗಾರನ ಗುಡುಗು ಇಳಿಯಿತು. ದುರುಗನ ಕಾವಲಿನ ಈಟಿಯನ್ನು ಕೆಂಚನ ಕೈಗೇ ಕೊಡಿಸಿದ.

ಅವತ್ತು ದುರುಗ ಮನೆಯಲ್ಲಿ ಮಲಗಿ ಹೊಡೆದ ಗೊರಕೆಗೆ ಕೋಟೆಯ ಕಲ್ಲುಗಳೇ ಉದುರಿದವು!