ಅವ್ವನ ಮೈಗೆ ತಾಮ್ರ

ನಗೋರೆಲ್ಲ ಮುಂದೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ದೇವೀರಮ್ಮಂಗೆ ಒಬ್ಬನೇ ಮಗ, ಜವರ. ಎತ್ತಿನಂಥ ಮೈ, ಬೆಣ್ಣೆಯಂಥ ಮನಸ್ಸು, ತಲೆಯೊಳಗೆ ಮಾತ್ರ ದೇವರು ಏನೂ ಇಡೋಕೆ ಮರೆತಿದ್ದ. "ನಾನು ಸತ್ರೆ ಈ ಪೆದ್ದನ ಗತಿ ಏನಪ್ಪಾ!" ಅಂತ ಆ ತಾಯಿ ದಿನಾ ಕಣ್ಣೀರಿಡೋಳು. ಅಂಥಾದ್ರಲ್ಲಿ ಅವಳೇ ಬಿಳಚಿಕೊಂಡು ಹಾಸಿಗೆ ಹಿಡಿದಳು. ಎದ್ರೆ ತಲೆಸುತ್ತು, ಕೂತ್ರೆ ಏದುಸಿರು.

ಪಂಡಿತರು ಬಂದು ರೆಪ್ಪೆ ಎಳೆದು ನೋಡಿದರು. "ಮೈಯಲ್ಲಿ ತಾಮ್ರ ಕಮ್ಮಿಯಾಗಿದೆ ಕಣಯ್ಯ. ತಾಮ್ರ ಇಲ್ದಿದ್ರೆ ರಕ್ತ ಊರಲ್ಲ. ದಿನಾ ಎಳ್ಳುಂಡೆ ತಿನ್ಸು, ಮೈಗೆ ತಾಮ್ರ ಸೇರಲಿ."

ಅವ್ವನ್ನ ಉಳಿಸ್ಕೋಬೇಕಲ್ಲ! ಜವರ ತಾಮ್ರದ ಬಿಂದಿಗೆಯ ಕಂಠ ಕತ್ತರಿಸಿದ, ಚೂರು ಮಾಡಿದ, ಎಳ್ಳಿಗೆ ಸೇರಿಸಿ ಉಂಡೆ ಕಟ್ಟಿದ. ಅವ್ವ ಕಚ್ಚಿದಳು, ಕಟಕ್!

"ಅಯ್ಯೋ ನನ್ನ ಹಲ್ಲು! ಬಿಂದಿಗೆ ತಿನ್ನಿಸ್ತೀಯೇನೋ? ಮೈಗೆ ಬೇಕಾಗಿರೋದು ಚಿಟಿಕೆಗಿಂತ ಕಮ್ಮಿ. ತಾಮ್ರ ಎಳ್ಳಲ್ಲೇ ಇರುತ್ತೆ, ತಿಳ್ಕೋ!"

"ಆಗ್ಲವ್ವ!"

ಮಾರನೇ ದಿನ "ತಾಮ್ರದಲ್ಲಿ ನೀರು ತುಂಬಿಡಪ್ಪ" ಅಂದಳು. ಜವರ ಎಳ್ಳಿನ ಮೂಟೆಗೆ ಮೂರು ಕೊಡ ನೀರು ಸುರಿದ!

"ಹಾಳಾಗ್ ಹೋಗ! ಕುಡಿಯೋದು ಏನಿದ್ರೂ ತಾಮ್ರದ ಚೊಂಬಿಗೆ ಹುಯ್ದು, ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಕೊಡಬೇಕು ಕಣೋ!"

"ಆಗ್ಲವ್ವ!"

ಸಂಜೆ ಪಕ್ಕದ ಮನೆ ಕೆಂಪಕ್ಕ ಹುಳಿ ಮಜ್ಜಿಗೆ ಕೊಟ್ಟಳು. ಚೊಂಬಿಗೆ ಹುಯ್ದ, ರಾತ್ರಿಯಿಡೀ ಇಟ್ಟ, ಬೆಳಿಗ್ಗೆ ಕೊಟ್ಟ. ಮಜ್ಜಿಗೆ ಹಸಿರುಗಟ್ಟಿತ್ತು! ಒಂದೇ ಗುಟುಕಿಗೆ ಅವ್ವ ವಾಂತಿ ಮಾಡ್ಕೊಂಡಳು.

"ಕೊಂದೇ ಬಿಡ್ತೀಯಲ್ಲೋ! ಹುಳಿ ಬಿದ್ರೆ ತಾಮ್ರ ಕಿಲುಬು ಬಿಡುತ್ತೆ, ವಿಷ! ಹುಳಿ ಹಾಕೋಕೆ ಮುಂಚೆ ತಾಮ್ರಕ್ಕೆ ಒಳಗಡೆ ತವರ ಕಾಯಿಸಿ ಬಳಿದು ಕಲಾಯಿ ಹಾಕಿಸ್ಬೇಕು!"

"ತಪ್ಪಾಯ್ತವ್ವ, ಕಲಾಯಿ ಹಾಕಿಸ್ಬೇಕು" ಅಂತ ಜವರ ಅತ್ತೇಬಿಟ್ಟ.

ಅವತ್ತಿಂದ ಕೆಂಪಕ್ಕನೇ ಎಳ್ಳುಂಡೆ, ಗೋಡಂಬಿ, ಕುರಿ ಈಲಿ, ಅದೇ ಲಿವರ್, ಪಲ್ಯ ಮಾಡಿ ತಿನ್ನಿಸಿದಳು. ಎರಡು ತಿಂಗಳಿಗೆ ದೇವೀರಮ್ಮನ ಮುಖಕ್ಕೆ ಕೆಂಪೇರಿತು. ಪಂಡಿತರು ನಕ್ಕರು. "ಗೆದ್ದೆ ಕಣಮ್ಮ! ಮೈಗೆ ತಾಮ್ರ ಸೇರಿದೆ. ಇವತ್ತು ಏನು ಬೇಕೋ ಉಣ್ಣು."

"ಹುಣಸೇಹಣ್ಣಿನ ಸಾರು!" ಅಂದಳು ದೇವೀರಮ್ಮ. ತಾನೇ ಎದ್ದು ಒಲೆ ಹಚ್ಚಿದಳು, ತಾನೇ ಒಗ್ಗರಣೆ ಹಾಕಿದಳು. ಇನ್ನು ಮಗನಿಗೆ ನಾನಿದ್ದೀನಿ ಅಂತ ಜೀವ ತಂಪಾಯ್ತು. ತುತ್ತು ಎತ್ತಿದಳು.

ಜವರ ಹಾರಿಬಂದು ತಟ್ಟೆ ಕಿತ್ಕೊಂಡ. "ಬೇಡವ್ವ! ಸಾಯ್ತೀಯ!" ಅಂದವನೇ ಬೀದಿಗೆ ಓಡಿ, ಕಲಾಯಿ ಸಾಬ್ರನ್ನ ತಿದಿ, ಇದ್ದಲು, ತವರದ ಸಮೇತ ಎಳ್ಕೊಂಡು ಬಂದ.

"ಪಾತ್ರೆ ಎಲ್ಲಪ್ಪ?" ಅಂದ್ರು ಸಾಬ್ರು.

"ಇಗೋ, ನಮ್ಮವ್ವ! ಒಳಗೆಲ್ಲ ತಾಮ್ರ. ಹುಳಿ ಬೀಳೋಕೆ ಮುಂಚೆ ಗಟ್ಟಿಯಾಗಿ ಕಲಾಯಿ ಹಾಕಿಬಿಡಿ. ಎಲ್ಲಿ, ಬಾಯಿ ಆ ಅನ್ನವ್ವ!"