ಬಾಳೆಯ ಬುಡಕ್ಕೆ ಸುರಿದ ಎಣ್ಣೆ

“ಗುರುಗಳೇ, ತಾತ ಮುತ್ತಾತಂದಿರು ಕೊಟ್ಟ ಮದ್ದನ್ನು ಪರೀಕ್ಷೆಗೆ ಒಡ್ಡುವುದು ಅವರಿಗೆ ಮಾಡುವ ಅವಮಾನವಲ್ಲವೇ?” ಎಂದು ಮಹಾಲಿಂಗ ಕೇಳಿದ.

ಅವನದು ವೈದ್ಯರ ಮನೆತನ. ಹೊಟ್ಟೆಯ ಹುಳಕ್ಕೆ ಜರೀಗಿಡದ ಗೆಡ್ಡೆಯನ್ನು ಅರೆದು ಕೊಡುವುದರಲ್ಲಿ ಆ ಮನೆಗೆ ಹೆಸರಿತ್ತು. ತಂದೆ ತೀರಿಕೊಂಡ ಮೇಲೆ ಮದ್ದು ಕೊಡುವ ಕೆಲಸ ಅವನ ಪಾಲಿಗೆ ಬಂದಿತ್ತು. ಗೆಡ್ಡೆಯನ್ನು ಪರೀಕ್ಷಿಸಬೇಕು, ಯಾರಿಗೆ ವಾಸಿಯಾಯಿತು, ಯಾರಿಗೆ ತೊಂದರೆಯಾಯಿತು ಎಂದು ತಿಳಿಯಬೇಕು ಎಂದು ಪಟ್ಟಣದ ಆಸ್ಪತ್ರೆಯವರು ಬಂದು ಕೇಳಿದ್ದರು. ಅವರಿಗೆ ಉತ್ತರ ಕೊಡುವ ಮುನ್ನ ಅವನು ಗುರುಗಳ ಬಳಿಗೆ ಬಂದಿದ್ದ.

ಗುರುಗಳು ಒಂದು ಕತೆ ಹೇಳಿದರು.

ಬೆಟ್ಟದ ಕೆಳಗೊಂದು ಊರು. ಅಲ್ಲೊಬ್ಬ ವೈದ್ಯ. ಒಳ್ಳೆಯವನು, ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ಬಂಡೆಯ ನೆರಳಿನಲ್ಲಿ ಬೆಳೆಯುವ ಜರೀಗಿಡದ ಗೆಡ್ಡೆಯನ್ನು ಕಿತ್ತು ತಂದು, ಅರೆದು, ಹೊಟ್ಟೆಯಲ್ಲಿ ಹುಳವಾದ ಮಕ್ಕಳಿಗೆ ಕೊಡುತ್ತಿದ್ದ. ಮದ್ದಿನ ಮೇಲೆ ಅವನೇ ಕೊಟ್ಟ ಒಂದು ಬಟ್ಟಲು ಹರಳೆಣ್ಣೆ ಕುಡಿಸಬೇಕು, ಒಂದು ತೊಟ್ಟೂ ಬಿಡಬಾರದು. ಅದು ಆ ಮದ್ದಿನ ಪಥ್ಯ. ಮಗುವಿಗೆ ವಾಸಿಯಾದರೆ ಅದು ಮದ್ದಿನ ಗುಣ. ಕೇಡಾದರೆ ಮನೆಯವರು ಪಥ್ಯ ತಪ್ಪಿದ್ದಾರೆ ಎಂದು ಅರ್ಥ. ಆಗ ತಾಯಿ ವೈದ್ಯನ ಹೊಸ್ತಿಲ ಮುಂದೆ ನಿಂತು, ಹತ್ತು ಜನರ ಎದುರಿಗೆ ‘ನನ್ನಿಂದ ತಪ್ಪಾಯಿತು’ ಎನ್ನಬೇಕು. ಅನ್ನದಿದ್ದರೆ ಆ ಮನೆಗೆ ಮತ್ತೆ ಮದ್ದಿಲ್ಲ.

ಒಬ್ಬ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಹುಳವಾಯಿತು. ತಾಯಿ ಮದ್ದು ಕುಡಿಸಿದಳು, ಎಣ್ಣೆ ಕುಡಿಸಿದಳು. ಮಗು ಮುಖ ತಿರುಗಿಸಿದಾಗ ಮೂಗು ಹಿಡಿದು ಕುಡಿಸಿದಳು. ಬಟ್ಟಲಿಗೆ ಅಂಟಿದ್ದನ್ನು ಬೆರಳಿನಿಂದ ಬಳಿದು ನೆಕ್ಕಿಸಿದಳು. ಸಂಜೆಗೆ ಹುಳ ಬಿತ್ತು. ಆಮೇಲೆ ಮಗು, ‘ಅಮ್ಮಾ, ದೀಪ ಯಾಕೆ ಹಚ್ಚಿಲ್ಲ?’ ಎಂದಿತು. ದೀಪ ಉರಿಯುತ್ತಲೇ ಇತ್ತು. ಬೆಳಗಾಗುವುದರೊಳಗೆ ಮಗು ಹೋಯಿತು.

‘ಪಥ್ಯ ತಪ್ಪಿರಬೇಕು ತಾಯಿ. ಬಂದು ಹೇಳಿಬಿಡು’ ಎಂದ ವೈದ್ಯ. ಅವನ ದನಿಯಲ್ಲಿ ಕರುಣೆಯಿತ್ತು.

‘ತಪ್ಪಿಲ್ಲ’ ಎಂದಳು ತಾಯಿ.

ನೆಂಟರು ಹೇಳಿ ಸೋತರು. ‘ಒಂದು ಮಾತು ಅಂದರೆ ನಾಲಗೆ ಸವೆಯುತ್ತದೆಯೇ?’ ಎಂದು ಅತ್ತೆ ಕೇಳಿದಳು. ಅತ್ತೆ ಹಾಗೆ ಕೇಳುವುದಕ್ಕೂ ಕಾರಣವಿತ್ತು. ಚಿಕ್ಕ ಮಗುವಿಗೂ ಹುಳವಾಗಿತ್ತು. ಹೊಟ್ಟೆ ಉಬ್ಬಿ ಕೈಕಾಲು ಸೊರಗಿದ್ದವು. ಆದರೂ ತಾಯಿ ಒಪ್ಪಲಿಲ್ಲ. ಮಾಡದ ತಪ್ಪನ್ನು ತಾನು ಒಪ್ಪಿಕೊಂಡರೆ, ದೊಡ್ಡವಳು ಯಾಕೆ ಸತ್ತಳು ಎಂದು ಕೇಳುವವರು ಊರಿನಲ್ಲಿ ಯಾರೂ ಉಳಿಯುವುದಿಲ್ಲ ಎಂದು ಅವಳಿಗೆ ತಿಳಿದಿತ್ತು.

ಒಂದು ದಿನ ಬಾವಿಯ ಹತ್ತಿರ ನೆರೆಮನೆಯವಳು ಮೆಲ್ಲಗೆ ಕೇಳಿದಳು.

‘ಬಟ್ಟಲು ತುಂಬ ಇದ್ದ ಎಣ್ಣೆಯನ್ನೆಲ್ಲ ಕುಡಿಸಿದೆಯೇನೇ?’

‘ಮತ್ತೆ? ಬಟ್ಟಲನ್ನೂ ನೆಕ್ಕಿಸಿದೆ.’

‘ನಿನ್ನಂಥ ಪೆದ್ದಿ ಇಲ್ಲ ಕಣೇ. ಅದನ್ನು ಯಾರು ಕುಡಿಸುತ್ತಾರೆ? ಆ ವಾಸನೆಗೆ ನನ್ನ ಮಗ ಮನೆ ಬಿಟ್ಟು ಓಡಿದ್ದ. ನಾನು ಬಾಳೆಯ ಬುಡಕ್ಕೆ ಸುರಿದೆ. ಕುಡಿಸಿದೆ ಎಂದು ಹೇಳಿ, ಬಟ್ಟಲು ತೊಳೆದು ಕೊಟ್ಟು ಬಂದೆ.’

ಹೇಳುತ್ತ ಅವಳು ನಕ್ಕಳು. ನಗು ಅರ್ಧಕ್ಕೆ ನಿಂತಿತು. ಇಬ್ಬರೂ ಕೊಡಗಳನ್ನು ಎತ್ತದೆ ಹಾಗೆಯೇ ನಿಂತರು.

ತಾಯಿ ಮನೆಮನೆಗೆ ಹೋಗಿ ಕೇಳಿದಳು. ಕೆಲವರು ಬಾಗಿಲು ಹಾಕಿಕೊಂಡರು. ಮಗು ಹೋದ ಮೇಲೆ ಇವಳಿಗೆ ತಲೆ ನೆಟ್ಟಗಿಲ್ಲ ಎಂದರು ಕೆಲವರು. ಅವಳು ಜಗಳವಾಡಲಿಲ್ಲ, ಮರುದಿನ ಮತ್ತೆ ಹೋದಳು. ಮಕ್ಕಳು ಉಳಿದ ಮನೆಗಳಲ್ಲಿ ಹೆಚ್ಚಿನವರು ಎಣ್ಣೆಯನ್ನು ಗುಟ್ಟಾಗಿ ಚೆಲ್ಲಿದ್ದರು. ಮಕ್ಕಳು ಸತ್ತ ಮನೆಗಳಲ್ಲಿ ಪಥ್ಯವನ್ನು ಚಾಚೂ ತಪ್ಪದೆ ನಡೆಸಿದ್ದರು. ಹುಡುಗನೊಬ್ಬನ ಕಣ್ಣು ಹೋದ ಮನೆಯಲ್ಲಿಯೂ ಹಾಗೆಯೇ. ಎಲ್ಲ ನಡೆಸಿಯೂ ಆ ತಾಯಂದಿರು, ನಮಗೆ ಗೊತ್ತಿಲ್ಲದೆ ಏನೋ ತಪ್ಪಿರಬೇಕು ಎಂದು ಹೊಸ್ತಿಲ ಮುಂದೆ ತಲೆ ಬಾಗಿಸಿದ್ದರು. ಒಂದೇ ಒಂದು ಮನೆಯಲ್ಲಿ ಎಣ್ಣೆ ಪೂರ್ತಿ ಕುಡಿದೂ ಮಗು ಚೆನ್ನಾಗಿತ್ತು. ಅದನ್ನೂ ಅವಳು ಮರೆಮಾಡಲಿಲ್ಲ.

ಕೊನೆಗೆ ಅವಳು ವೈದ್ಯನ ಹೊಸ್ತಿಲ ಮುಂದೆ ಹೋಗಿ ನಿಂತಳು. ತಪ್ಪೊಪ್ಪಿಕೊಳ್ಳಲು ಬಂದಳೆಂದು ಜನ ಸೇರಿದರು.

‘ಪಂಡಿತರೇ, ನಿಮ್ಮ ಗೆಡ್ಡೆಯಿಂದ ಹುಳ ಬೀಳುತ್ತದೆ. ಅದು ಸುಳ್ಳಲ್ಲ. ಅದಕ್ಕೆ ಎಣ್ಣೆ ಸೇರಿದರೆ ಮಗುವಿನ ಜೀವವೂ ಹೋಗುತ್ತದೆ ಎಂದು ನನಗೆ ಅನುಮಾನ. ನನ್ನದು ಅನುಮಾನ ಮಾತ್ರ. ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು, ಪರೀಕ್ಷೆ ಮಾಡಬಲ್ಲವರಿಂದ ಮಾಡಿಸಿ ನೋಡಿ. ಅಲ್ಲಿಯವರೆಗೆ ಯಾವ ಮಗುವಿಗೂ ಕೊಡಬೇಡಿ.’

‘ಇದು ನನ್ನ ಮುತ್ತಾತ ಕೊಟ್ಟ ಮದ್ದು. ಅವರಿಗಿಂತ ನೀನು ಹೆಚ್ಚು ಬಲ್ಲೆಯಾ?’

‘ಇಲ್ಲ. ಆದರೆ ನಿಮ್ಮ ಮುತ್ತಾತನಿಗೂ ಯಾರೂ ನಿಜ ಹೇಳಿರಲಿಕ್ಕಿಲ್ಲ.’

‘ನಿನ್ನ ಚಿಕ್ಕ ಮಗುವಿಗೆ ಮದ್ದು ಬೇಡವೇ?’

‘ಬೇಕು. ಅವಳನ್ನು ಪಟ್ಟಣದ ಆಸ್ಪತ್ರೆಗೆ ಹೊತ್ತುಕೊಂಡು ಹೋಗುತ್ತೇನೆ. ಆದರೆ ಹೋಗುವ ಮೊದಲು, ಈ ಹೊಸ್ತಿಲಿಗೆ ನಾಳೆ ಬರುವ ಮಗುವಿನ ಮಾತು ಇತ್ಯರ್ಥವಾಗಲಿ.’

ಸೊಕ್ಕು ನೋಡಿ ಇವಳದು ಎಂದು ಯಾರೋ ಹಿಂದಿನಿಂದ ಗೊಣಗಿದರು. ಅವಳು ತಿರುಗಿ ನೋಡಲಿಲ್ಲ, ಜಾಗ ಬಿಟ್ಟು ಕದಲಲೂ ಇಲ್ಲ.

ಆಗ ನೆರೆಮನೆಯವಳು ಮಗನ ಕೈ ಹಿಡಿದುಕೊಂಡು ಮುಂದೆ ಬಂದಳು. ‘ನನ್ನಿಂದ ತಪ್ಪಾಯಿತು ಪಂಡಿತರೇ. ಪಥ್ಯ ತಪ್ಪಿದವಳು ನಾನು. ನನ್ನ ಮಗ ಇಗೋ, ಇಲ್ಲಿದ್ದಾನೆ.’

ಅವಳ ಹಿಂದೆ ಇನ್ನೊಬ್ಬಳು ಬಂದಳು. ಮತ್ತೊಬ್ಬಳು ಬಂದಳು. ಆ ಹೊಸ್ತಿಲ ಮುಂದೆ ಅಲ್ಲಿಯವರೆಗೆ ತಪ್ಪೊಪ್ಪಿಕೊಂಡವರೆಲ್ಲ ಮಕ್ಕಳಿಗೆ ಕೇಡಾದವರು. ಅಂದು ಒಪ್ಪಿಕೊಂಡವರೆಲ್ಲ ಮಕ್ಕಳು ಉಳಿದವರು. ವೈದ್ಯ ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನ ಕೈಯಲ್ಲಿ ಅರೆಯಲು ತೆಗೆದಿಟ್ಟುಕೊಂಡ ಗೆಡ್ಡೆಯಿತ್ತು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

“ಆ ವೈದ್ಯ ಏನು ಹೇಳಿದ, ಗುರುಗಳೇ?”

“ಇನ್ನೂ ಹೇಳಿಲ್ಲ, ನನ್ನ ಎದುರಿಗೇ ಕುಳಿತಿದ್ದಾನೆ.”