ಸಾಲಿನ ನಡುವೆ ಹೊಸ ಕೋಣೆ

ಅಜ್ಜಿ ಇರುವೆ ತೋಡಿಟ್ಟ ಗೂಡಿನೊಳಗೆ ಕಗ್ಗತ್ತಲು. ಆದ್ದರಿಂದ ಎಲ್ಲರೂ ಕೋಣೆಗಳನ್ನು ಬಾಗಿಲೆಣಿಸಿಯೇ ಗುರುತಿಸುತ್ತಿದ್ದರು, ಅಂದರೆ ಮೊದಲನೆಯದು ಕಾಳಿಗೆ, ಎರಡನೆಯದು ಮೊಟ್ಟೆಗಳಿಗೆ, ಮೂರನೆಯದು ಕಸಕ್ಕೆ.

ಒಂದು ದಿನ ದಾದಿ ಇರುವೆ ಬಂದು ತಡವಿದರೆ ಮೊಟ್ಟೆಗಳ ಮೇಲೆಲ್ಲ ಕಸ.

“ಯಾರೇ ಇದನ್ನು ಸುರಿದವಳು?” ಎಂದು ಉರಿದುಬಿದ್ದಳು.

“ಮೂರನೇ ಬಾಗಿಲಲ್ಲೇ ಸುರಿದೆನಕ್ಕಾ,” ಎಂದಳು ಕಸ ಹೊರುವವಳು.

ಅಜ್ಜಿಯ ಮೊಮ್ಮಗಳು ಕೆಂಚಿ ಬಾಯಿ ಹಾಕಿದಳು. “ಹಳೆಯ ಯಾವ ಕೋಣೆಯನ್ನೂ ನಾನು ಮುಟ್ಟಿಲ್ಲ. ಕಾಳಿನ ಕೋಣೆಯ ಪಕ್ಕ ಹೊಸದೊಂದನ್ನು ಸೇರಿಸಿದೆ, ಅಷ್ಟೆ.”

“ಅದಕ್ಕೇ ಮೊಟ್ಟೆಗಳ ಕೋಣೆ ಮೂರನೆಯದಾಗಿದೆ. ಸಾಲಿನ ಕೊನೆಯಲ್ಲಿ ಮಣ್ಣಿರಲಿಲ್ಲವೇನೇ?” ಎಂದಳು ದಾದಿ.

“ಅಷ್ಟು ದೂರ ಯಾರು ನಡೆಯುತ್ತಾರೆ?”

ದಾದಿ ಕಸವನ್ನೆಲ್ಲ ಕೆಂಚಿಯ ಕೈಯಿಂದಲೇ ಅವಳ ಹೊಸ ಕೋಣೆಗೆ ತುಂಬಿಸಿ, ಬಾಗಿಲಿಗೆ ಮಣ್ಣು ಮೆತ್ತಿದಳು. ಆಮೇಲೆ ಮೊಟ್ಟೆಗಳನ್ನು ಒಂದೊಂದಾಗಿ ಒರೆಸಲು ಕುಳಿತಳು. ಕೆಲವು ಆಗಲೇ ತಣ್ಣಗಾಗಿದ್ದವು.